ಮಾತಾಡಬಾರದ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಕೆ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಬೂದು ಬಣ್ಣದ ನಿಲುವಂಗಿ ತೊಟ್ಟು, ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಸೊಪ್ಪು, ಹಣ್ಣಿನ ಹೋಳುಗಳನ್ನು ಗೂಡಿನ ಹಿಂಬದಿಯ ಕಿಂಡಿಯಿಂದ ಒಳಗೆ ಸುರಿದು, ಸದ್ದಾಗದಂತೆ ಮುಚ್ಚುತ್ತಾರೆ. ಒಳಗಿರುವುದು ಒಂದು ಕೋತಿಮರಿ. ಅದು ತಿನ್ನುವ ಸದ್ದನ್ನು ಗೋಡೆಗೆ ಕಿವಿಯಿಟ್ಟು ಕೇಳಿಸಿಕೊಂಡು, ತುಟಿಪಿಟಕ್ಕೆನ್ನದೆ ಮುಂದಿನ ಗೂಡಿಗೆ ನಡೆಯುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಕೆಮ್ಮಿದ್ದಕ್ಕೆ ಕಣ್ಣಲ್ಲೇ ಗದರುತ್ತಾರೆ.

ಮನೆಯಲ್ಲಿ ಕಾಡುಪ್ರಾಣಿ ಸಾಕುವಂತಿಲ್ಲ ಎಂಬ ಕಾನೂನು ಈ ನಗರದಲ್ಲಿ ಬಿಗಿಯಾಗಿ ಜಾರಿಯಾಗಿ ಕೆಲವು ವರ್ಷಗಳಾದವು. ಆದರೂ ಸ್ನಾನದ ತೊಟ್ಟಿಯಲ್ಲಿ ಮೊಸಳೆಮರಿ, ಬೀರುವಿನಲ್ಲಿ ಹೆಬ್ಬಾವು ಇಟ್ಟುಕೊಂಡು ನೆಂಟರೆದುರು ಜಂಬ ಕೊಚ್ಚುವ ಮಹಾನುಭಾವರಿಗೇನೂ ಬರವಿಲ್ಲ. ನಗರಸಭೆಯವರು ವಶಪಡಿಸಿಕೊಂಡ ಜೀವಗಳೆಲ್ಲ ಬಂದು ಸೇರುವುದು ಊರಾಚೆಯ ಈ ತಗಡಿನ ಶೆಡ್ಡಿಗೆ. ಪತ್ರಿಕೆಯಲ್ಲಿ ಹಿಡಿದವರ ಫೋಟೊ ಬರುತ್ತದೆ. ಆಮೇಲೆ ಅವುಗಳ ಹೊಟ್ಟೆ ನೋಡಿಕೊಳ್ಳುವವರು ಇವರೊಬ್ಬರೇ.

ಕಾಡಿಗೆ ಮರಳಬೇಕಾದ ಪ್ರಾಣಿಗೆ ಮನುಷ್ಯರ ಸಲಿಗೆ ಇರಕೂಡದು. ಹಾಗಾಗಿ ಅದಕ್ಕೆ ಮುಖ ತೋರಿಸಬಾರದು, ಹೆಸರಿಡಬಾರದು, ಮಾತಾಡಿಸಬಾರದು. ತಮಾಷೆಯೆಂದರೆ, ಈ ಕೆಲಸ ಸಿಕ್ಕಿರುವುದು ಬೀದಿಯವರೆಲ್ಲ ‘ರೇಡಿಯೋ ಅಕ್ಕ’ ಎಂದು ಕರೆಯುವ ಈ ಮಾತಿನ ಮಲ್ಲಿಗೆ.

“ಮೊದಲೆಲ್ಲ ಬಸ್ಸಲ್ಲಿ ಪಕ್ಕ ಕೂತವರ ಮನೆಕಥೆ ಪೂರ್ತಿ ಕೇಳ್ಕೊಂಡೇ ಇಳೀತಿದ್ದೆ. ಈಗ ಮಾತೇ ಹೊರಡಲ್ಲ. ತಂಗಿ ಫೋನ್ ಮಾಡಿದ್ರೂ ಬರೀ ಹೂಂ, ಹೂಂ ಅಂತೀನಿ. ‘ನನ್ನ ಮೇಲೆ ಕೋಪಾನಾ ಅಕ್ಕ’ ಅಂತಾಳೆ,” ಎಂದರು ಶೆಡ್ಡಿನಿಂದಾಚೆ ಬಂದ ಮೇಲೆ.

ಗಂಡ ತೀರಿಕೊಂಡ ಮೇಲೆ ಆಕೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಹಗಲೆಲ್ಲ ಬಾಯಿ ಕಟ್ಟಿಕೊಂಡು ಹೋದರೆ, ಅಲ್ಲಿಯೂ ಬಾಯಿ ಬಿಡಿಸುವವರಿಲ್ಲ.

ಶೆಡ್ಡಿನ ತುದಿಯ ಗೂಡಿನಲ್ಲಿ ದೊಡ್ಡ ಹೆಣ್ಣುಕೋತಿಯೊಂದಿದೆ. ಮರಿಯಾಗಿದ್ದಾಗ ಅದಕ್ಕೆ ಜ್ವರ ಬಂದು ತಿನ್ನುವುದನ್ನೇ ಬಿಟ್ಟಿತ್ತು. ತಡೆಯಲಾರದೆ ಅಕ್ಕ ಮುಖದ ಬಟ್ಟೆ ಸರಿಸಿ, ಮಡಿಲಲ್ಲಿ ಹಾಕಿಕೊಂಡು ಜೋಗುಳ ಹಾಡಿದರು. ಜ್ವರ ಇಳಿಯಿತು. ಆದರೆ ಕಾಡಿಗೆ ಬಿಡುವ ಮುನ್ನ ಪ್ರಾಣಿವೈದ್ಯರು ನಡೆಸುವ ಪರೀಕ್ಷೆಯ ದಿನ, ಮನುಷ್ಯರನ್ನು ಕಂಡು ಓಡಬೇಕಾದ್ದು ಓಡಿಬಂದು ಅಕ್ಕನ ಹೆಗಲೇರಿತು. ಅಂಥದ್ದನ್ನು ಕಾಡಿಗೆ ಬಿಟ್ಟರೆ ಮೊದಲು ಸಿಕ್ಕ ಬೇಟೆಗಾರನ ಹೆಗಲನ್ನೂ ಏರೀತು. ಹಾಗಾಗಿ ಅದಕ್ಕೆ ಜೀವನಪೂರ್ತಿ ಗೂಡೇ ಗತಿಯಾಯಿತು.

“ಅದರ ಜೊತೆ ಈಗ ಮಾತಾಡಬಹುದು, ಯಾರೂ ಬೇಡ ಅನ್ನಲ್ಲ. ಮಧ್ಯಾಹ್ನ ಬುತ್ತಿ ತಗೊಂಡು ಅಲ್ಲೇ ಕೂರ್ತೀನಿ. ಆದ್ರೆ ಅದು ಕೈ ಚಾಚಿದಾಗ ನನ್ನಿಂದಲೇ ಅಲ್ವಾ ಒಳಗಿರೋದು ಅನ್ಸುತ್ತೆ, ಏನಂತ ಮಾತಾಡ್ಲಿ?”

ಈ ಸಲದ ಮರಿಯನ್ನು ಹಿಡಿದು ತಂದಿದ್ದು ಬಟ್ಟೆ ಅಂಗಡಿಯವರೊಬ್ಬರ ಬಾಲ್ಕನಿಯಿಂದ. ಅದಕ್ಕೆ ಫ್ರಾಕು ತೊಡಿಸಿದ್ದರು. ಕುತ್ತಿಗೆಯಲ್ಲಿ ಸರಪಳಿಯ ಗಾಯವೂ ಇತ್ತು. ಅವರು ಒಮ್ಮೆ ಗೇಟಿನ ಬಳಿ ಬಂದು ನಿಂತಿದ್ದರಂತೆ.

“ದೂರದಿಂದಲೇ ನೋಡ್ಕೊಂಡು ಹೋಗ್ತೀನಮ್ಮ. ನನ್ನ ತಟ್ಟೇಲೇ ತಿಂತಿತ್ತು ಅದು.”

“ಬೇಡಣ್ಣ. ಬಂದ ಹೊಸದ್ರಲ್ಲಿ ಊಟಾನೇ ಬಿಟ್ಟಿತ್ತು, ನಿಮ್ಮ ದನಿ ಕೇಳಿದ್ರೆ ಮತ್ತೆ ಬಿಡುತ್ತೆ.”

ಕಣ್ಣೊರೆಸಿಕೊಂಡು ಹೋದ ಅವರ ಮೇಲೆ ಅಕ್ಕನಿಗೆ ಸಿಟ್ಟಿಲ್ಲ. “ಗೊತ್ತಿಲ್ಲದೆ ಮಾಡಿದ್ರು. ಅವರ ಎದೆ ಮೇಲಾದ್ರೂ ಅದು ಮಲಗಿತ್ತು. ನಾನು ಇಷ್ಟು ದಿನ ಸಾಕಿದ್ರೂ ಅದರ ಬೆನ್ನು ಮುಟ್ಟಿ ನೋಡಿಲ್ಲ.”

ನಾನು ಹೋದ ದಿನವೇ ಆ ಮರಿಯ ಪರೀಕ್ಷೆ. ವೈದ್ಯರು ಹೇಳಿದಂತೆ ಅಕ್ಕ ನಿಲುವಂಗಿ ಕಳಚುತ್ತಾರೆ, ಮುಖದ ಬಟ್ಟೆ ಬಿಚ್ಚುತ್ತಾರೆ. ಕೈಯಲ್ಲಿ ಬಾಳೆಹಣ್ಣು. ಗೂಡಿನೊಳಗೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಮರಿ ಮೂಲೆಯಿಂದ ಕತ್ತೆತ್ತಿ ನೋಡುತ್ತದೆ. ಕರೆಯುವುದೂ ಪರೀಕ್ಷೆಯ ಭಾಗವೇ.

“ಬಾ ಕಂದ,” ಎನ್ನುತ್ತಾರೆ ಅಕ್ಕ. “ಬಾರೋ, ನಾನೇ ಕಣೋ.”

ಮರಿ ಒಂದು ಹೆಜ್ಜೆ ಮುಂದಿಡುತ್ತದೆ. ವೈದ್ಯರು ನನ್ನ ತೋಳು ಹಿಡಿಯುತ್ತಾರೆ. ಮರುಕ್ಷಣವೇ ಅದು ಹಲ್ಲು ಕಿರಿದು, ಕಿರುಚಿ, ಜಾಲರಿ ಹತ್ತಿ ಸೂರಿನ ಮೂಲೆ ಸೇರುತ್ತದೆ. ಅಕ್ಕ ಎಷ್ಟು ಕರೆದರೂ ಇಳಿಯುವುದಿಲ್ಲ.

ಹೊರಗೆ ಬಂದವರು ಬಾಗಿಲಿಗೆ ಚಿಲಕ ಹಾಕಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಅಳುತ್ತಿದ್ದಾರೋ ನಗುತ್ತಿದ್ದಾರೋ ಹೇಳುವುದು ಕಷ್ಟ.

“ನೋಡಿದ್ರಾ? ನಾನು ಯಾರು ಅಂತಾನೇ ಗೊತ್ತಿಲ್ಲ ಅದಕ್ಕೆ.”