ಡೊಂಕಾದ ಸ್ಕೇಲು

ಎಂಬತ್ತರ ದಶಕದಲ್ಲಿ ಅರಬ್ ನಾಡಿನ ಶರಫಿಯಾ ಪೇಟೆಯ ಒಂದು ಟೈಲರ್ ಅಂಗಡಿಯಲ್ಲಿ ನಾನು ಕಟಿಂಗ್ ಮಾಸ್ಟರ್. ಹೊಲಿಯುವವನು ಬಂಟ್ವಾಳದ ಕಡೆಯ ಬ್ಯಾರಿ, ನನ್ನ ರೂಮಿನವನೇ. ಅಲ್ಲಿಯ ಆಸ್ಪತ್ರೆಯಲ್ಲೇ ನನ್ನ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಪಟ್ಟಿ ಬಿಚ್ಚಿದಾಗ ಲೋಕವೆಲ್ಲ ಆಗಷ್ಟೇ ಒಗೆದು ಹಾಕಿದ ಹಾಗಿತ್ತು. ನನ್ನ ಗತ್ತು ಕೇಳಬೇಕೆ? ಬೀದಿಯಾಚೆಯ ಹೋಟೆಲಿನ ಬೋರ್ಡನ್ನು ಯಾರೂ ಕೇಳದಿದ್ದರೂ ಓದಿ ಹೇಳುತ್ತಿದ್ದೆ.

ಆ ಸಂಭ್ರಮ ಒಂದೂವರೆ ತಿಂಗಳು. ರಂಜಾನ್ ಬಂತು, ಹಬ್ಬಕ್ಕೆ ಹೊಲಿಯುವ ತೋಬುಗಳ ರಾಶಿ ಬಿತ್ತು. ಆ ಉದ್ದನೆಯ ಬಿಳಿ ಅಂಗಿಯಲ್ಲಿ ಹೊಲಿಗೆ ಕೂದಲೆಳೆಯಷ್ಟು ಸರಿದರೂ ಎದ್ದು ಕಾಣುತ್ತದೆ. ಅವನು ಹೊಲಿದ ಗುಂಡಿಪಟ್ಟಿಯೋ, ನಡುವೆ ಸೊಂಟ ಬಳುಕಿಸಿ ನಿಂತಂತಿತ್ತು. ಬಿಚ್ಚಿಸಿದೆ. ಮತ್ತೆ ಹೊಲಿದ, ಮತ್ತೆ ಬಿಚ್ಚಿಸಿದೆ. ಆಮೇಲೆ ಬೈದೆ.

“ಎಂತ ಮಾಸ್ಟ್ರೇ, ಸರಿಯೇ ಉಂಟಲ್ಲ. ಬೇಕಾದ್ರೆ ಸ್ಕೇಲ್ ಇಟ್ಟು ನೋಡಿ,” ಎಂದ.

ಇಟ್ಟೆ. “ನಿನ್ನ ಸ್ಕೇಲೇ ಡೊಂಕುಂಟು ಮಾರಾಯ,” ಎಂದೆ.

ಅದು ಕಬ್ಬಿಣದ ಸ್ಕೇಲು. ಅವನು ನಗಲಿಲ್ಲ. ಮೆಷಿನ್ ನಿಲ್ಲಿಸಿ, “ಒಂದೊಂದೇ ಕಣ್ಣು ಮುಚ್ಚಿ ನೋಡಿ,” ಎಂದ. ಪೊರೆ ಕಟ್ಟುತ್ತಿದ್ದ ಎಡಗಣ್ಣಿಗೆ ಸ್ಕೇಲು ಮಬ್ಬಾದರೂ ನೆಟ್ಟಗಿತ್ತು. ಹೊಸ ಕಣ್ಣಿಗೆ ಡೊಂಕು. ನನ್ನ ಜಂಬ ಜರ್ರನೆ ಇಳಿಯಿತು. ಗೆರೆ ನೆಟ್ಟಗೆ ಕಾಣದ ಕಟಿಂಗ್ ಮಾಸ್ಟರ್ ಯಾರಿಗೆ ಬೇಕು? ನಿಜಕ್ಕೂ ಹೆದರಿದೆ.

ಆಪರೇಷನ್ ಮಾಡಿದ ಹೈದರಾಬಾದಿ ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಹಿಂದಿನ ಪರದೆಯ ನಟ್ಟನಡುವೆ ನೀರು ತುಂಬಿ ಊದಿದೆ, ಪೊರೆ ತೆಗೆದ ಮೇಲೆ ಕೆಲವರಿಗೆ ಹೀಗಾಗುವುದುಂಟು, ಹೆಚ್ಚಿನವರಿಗೆ ಇಳಿಯುತ್ತದೆ ಎಂದರು. ಇಳಿಯದವರ ಗತಿಯೇನೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹಬ್ಬದ ಕೆಲಸವೆಲ್ಲ ಅವನ ತಲೆಗೆ ಬಿತ್ತು. ಕಟಿಂಗೂ ಅವನದೇ, ಹೊಲಿಗೆಯೂ ಅವನದೇ. ಉಪವಾಸದಲ್ಲಿದ್ದುಕೊಂಡೇ ಹೊತ್ತುಹೊತ್ತಿಗೆ ನನ್ನ ಕಣ್ಣಿಗೆ ಮದ್ದಿನ ಹನಿ ಬಿಡುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡು ಇಸ್ತ್ರಿ ಹಾಕಿದೆ.

ಹಬ್ಬ ಕಳೆದು ಹಜ್ ಹತ್ತಿರ ಬಂದಿತ್ತು. ಒಂದು ಸಂಜೆ ಇಸ್ತ್ರಿಗೆ ಬಂದ ತೋಬಿನ ಕಾಲರ್ ಓರೆಯಾಗಿ ಕಂಡಿತು. ಬಲಗಣ್ಣು ಮುಚ್ಚಿ ನೋಡಿದೆ, ಎಡಗಣ್ಣು ಮುಚ್ಚಿ ನೋಡಿದೆ. ಎರಡಕ್ಕೂ ಓರೆಯೇ. ತಲೆ ಎತ್ತಿದರೆ ಬಾಗಿಲ ಚೌಕಟ್ಟು, ಗೋಡೆಯ ಕಪಾಟು ಎಲ್ಲ ನೆಟ್ಟಗೆ ನಿಂತಿದ್ದವು.

“ಇದು ಓರೆ ಉಂಟು,” ಎಂದೆ. ತೋಬನ್ನು ಅವನ ಮುಂದೆ ಹಿಡಿದೆ.

ಅವನು ಕಾಲರನ್ನು ಬೆಳಕಿಗೆ ಹಿಡಿದು ನೋಡಿದ. “ಹೌದು ಮಾಸ್ಟ್ರೇ, ಓರೆಯೇ,” ಎಂದವನ ಮುಖ ಅರಳಿತು. ಕತ್ತರಿಯನ್ನು ನನ್ನ ಕಡೆ ಸರಿಸಿ, ತಪ್ಪಾದ ಹೊಲಿಗೆಯನ್ನು ನಗುತ್ತಾ ಬಿಚ್ಚತೊಡಗಿದ.