ಕೌದಿಯ ಹೊಟ್ಟೆಗೆ ಹೋಳಿಗೆ

ನಮ್ಮ ವೈನಿಯ ಮೇಲೆ, ಅಂದರೆ ಅಣ್ಣನ ಹೆಂಡತಿಯ ಮೇಲೆ, ನಾನು ಸಿಟ್ಟಾದದ್ದಕ್ಕೆ ಲೆಕ್ಕವಿಲ್ಲ. ಆದರೂ ಅವರಷ್ಟು ಗಟ್ಟಿ ಹೆಣ್ಣುಮಗಳನ್ನು ನಾನು ಕಂಡಿಲ್ಲ. ಬ್ರಹ್ಮಪುರದ ನಮ್ಮ ಪಡಸಾಲೆಯಲ್ಲಿ ಕೂತು ಮದುವೆ ಜಂಪರುಗಳ ಮೇಲೆ ಕೈಯಿಂದ ಜರಿ ಹೂ ತೆಗೆಯುತ್ತಿದ್ದರು. ಊರಿಗೆ ಕಂಪ್ಯೂಟರ್ ಹೊಲಿಗೆ ಯಂತ್ರಗಳು ಬಂದವು. ಎಂಟು ದಿನದ ಕೆಲಸ ಒಂದು ತಾಸಿಗೆ ಇಳಿಯಿತು, ಗಿರಾಕಿಗಳು ಅತ್ತ ಹೊರಳಿದರು. ವೈನಿ ಕೆಲವು ತಿಂಗಳು ಸುಮ್ಮನೆ ಕೂತರು. ಆಮೇಲೆ ಒಂದು ದಿನ, "ಕೌದಿ ಮಾರ್ತೇನಿ," ಎಂದರು.

"ಹಳೇ ಸೀರಿ ಹರಕ ಯಾರ್ ತಗೋತಾರ್ರೀ ವೈನಿ? ತಲಿ ಕೆಟ್ಟದೇನ್ರೀ?" ಎಂದು ನಾನು ಹಾರಾಡಿದೆ.

ಅವರು ಬಸ್ಸು ಹತ್ತಿ ತವರೂರು ಕಮಲಾಪುರಕ್ಕೆ ಹೋದರು. ಅಲ್ಲಿ ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊದೆಯುವ ಕೌದಿ ಹೊಲಿಯುವ ನಾಲ್ಕು ಹೆಂಗಸರಿದ್ದರು, ಅವರಿಗೆಲ್ಲ ಹಿರಿಯಳು ಒಬ್ಬ ಆಯಿ. ವೈನಿಯ ಸಣ್ಣ ಹೊಲಿಗೆ ನೋಡಿ ಆಯಿ, "ಇದು ಮದಿಮಗಳ ಜಂಪರ್ ಅಲ್ಲವ್ವಾ. ಬಿಚ್ಚು," ಎಂದಳು. ಇಪ್ಪತ್ತು ವರ್ಷ ಹೆಸರು ಮಾಡಿದ ಕೈ ಅದು! ವೈನಿ ಮೂರು ಸಲ ಬಿಚ್ಚಿ ಹೊಲಿದರು.

ನಮ್ಮೂರಿನ ರೋಜಾ ಬಡಾವಣೆಯ ಲಾಡ್ಜಿನ ಮಾಲೀಕರೊಬ್ಬರು ಹನ್ನೆರಡು ಕೌದಿ ಕೇಳಿದರು. ಅದು ಕೆಟ್ಟರೆ ಆ ಹೆಂಗಸರು ಮತ್ತೆ ನಂಬುವುದಿಲ್ಲ, ವೈನಿ ಅದೇ ಯಂತ್ರದ ಅಂಗಡಿಯಲ್ಲಿ ದಾರ ಕತ್ತರಿಸುವ ಕೂಲಿಗೆ ಹೋಗಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕೌದಿ ಕೊಟ್ಟ ವಾರದೊಳಗೆ ಮಾಲೀಕರು ಗಂಟು ಹೊತ್ತು ಮನೆಗೇ ಬಂದರು. "ಕ್ಯಾ ಭಾಭಿ, ಕೌದಿ ಕೊಟ್ಟೀರೋ, ಇರಿವಿ ಗೂಡು ಕೊಟ್ಟೀರೋ? ಗಿರಾಕಿ ಮೈ ತುರಸ್ಕೋತ ಓಡ್ಯಾರ!"

ಮೂಲೆ ಬಿಚ್ಚಿ ನೋಡಿದರೆ ಇರುವೆ ಮುತ್ತಿದ ಹೋಳಿಗೆ ತುಣುಕು! ಕೌದಿ ಮುಗಿದಾಗ ನಾಲ್ಕು ಮೂಲೆಗೂ ಚೂರು ಒಣರೊಟ್ಟಿ ಇಟ್ಟು ಹೊಲಿಯುವುದು ಕಮಲಾಪುರದ ಆ ಹೆಂಗಸರ ಪದ್ಧತಿ. ಕೌದಿ ಉಪವಾಸ ಇರಬಾರದು, ಹೊದ್ದವರೂ ಇರಬಾರದು ಅಂತ. ಆದರೆ ಹೋಳಿಗೆ? ವೈನಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಕಮಲಾಪುರಕ್ಕೆ ಹೋಗಿ ಬಾಯಿಗೆ ಬಂದಂತೆ ಕೂಗಾಡಿದೆ. ಆಯಿ ಜಗ್ಗಲಿಲ್ಲ.

"ರೊಟ್ಟಿ ಯಾವಾಗ್ಲೂ ಇಡ್ತೀವಪ್ಪಾ. ನಮ್ಮೂರ ಮಗಳ ಮೊದಲ್ನೇ ದಂಧೆ ಅಂತ ಹೋಳಿಗಿ ಮಾಡಿ ಇಟ್ಟೀವಿ."

ವೈನಿ ನಕ್ಕರು, ಅತ್ತರು, ಮತ್ತೆ ನಕ್ಕರು. "ನಿಮ್ ಪ್ರೀತಿ ಎಲ್ಲಾ ಇರಿವಿ ತಿಂದಾವ ಆಯಿ. ಇನ್ನ ಏನೂ ಇಡಬ್ಯಾಡ್ರಿ, ರೊಟ್ಟಿ ಇಟ್ರೂ ಲಾಡ್ಜಿನವ್ರು ತಗೊಳ್ಳಂಗಿಲ್ಲ."

"ಖಾಲಿ ಹೊಟ್ಟೀಲೆ ಕಳಸಂಗಿಲ್ಲ," ಆಯಿ ಕಡ್ಡಿ ಮುರಿದಂತೆ ಹೇಳಿದಳು. ಉಳಿದವರೂ ಸೂಜಿ ಕೆಳಗಿಟ್ಟರು.

ಎರಡು ದಿನ ಬಿಟ್ಟು ವೈನಿ, ಒಗೆದು ಒಣಗಿಸಿದ ಕೌದಿಗಳ ಜೊತೆ ತಮ್ಮ ನಮೂನೆ ಬಟ್ಟೆಯನ್ನೂ ನನ್ನ ಗಾಡಿಯಲ್ಲೇ ಕಮಲಾಪುರಕ್ಕೆ ಒಯ್ದರು. ಮದುಮಕ್ಕಳಿಗೆ ತೋರಿಸಿ ಆರಿಸಲು ಹೇಳುತ್ತಿದ್ದ ಜರಿ ಹೂಗಳೆಲ್ಲ ಅದರ ಮೇಲಿದ್ದವು. ಕತ್ತರಿ ತೆಗೆದು ಒಂದೊಂದೇ ಹೂ ಕತ್ತರಿಸಿ ಮೂಲೆಗೊಂದು ಇಟ್ಟರು. ನಾನು, "ವೈನಿ, ಬ್ಯಾಡ್ರೀ," ಎಂದು ಕೈ ಹಿಡಿಯಲು ಹೋದೆ.

"ಇಪ್ಪತ್ತು ವರ್ಷ ನನ್ನ ಹೊಟ್ಟಿ ತುಂಬಿಸಿದ್ದು ಇದೇ," ಎಂದರು ಆಯಿಯ ಮುಖ ನೋಡಿ. "ಕೌದಿ ಹೊಟ್ಟೀನೂ ತುಂಬಸ್ತದ."

ಆಯಿ ಒಂದು ಹೂವನ್ನು ಮೂಲೆಯೊಳಗೆ ಸರಿಯಾಗಿ ಒತ್ತಿಟ್ಟು, ಸೂಜಿಗೆ ದಾರ ಏರಿಸಿದಳು.

ಮಾಲೀಕರು ಹನ್ನೆರಡನ್ನೂ ಇಟ್ಟುಕೊಂಡರು, ಆಮೇಲೆ ಇನ್ನಷ್ಟು ಕೇಳಿದರು. ಈಗ ಕಮಲಾಪುರದಲ್ಲಿ ಹತ್ತು ಹೆಂಗಸರು ವೈನಿಯ ಜೊತೆ ಹೊಲಿಯುತ್ತಾರೆ. ಮೊನ್ನೆ ಹಳೆಯ ಗಿರಾಕಿಯೊಬ್ಬರು ಮಗಳ ಮದುವೆ ಜಂಪರಿಗೆ ಕೈಕೆಲಸವೇ ಬೇಕೆಂದು ಹುಡುಕಿಕೊಂಡು ಬಂದರು. ತೋರಿಸಲು ವೈನಿಯ ಹತ್ತಿರ ಒಂದು ಹೂವೂ ಇರಲಿಲ್ಲ. ನಾನಾಗಿದ್ದರೆ ಒಂದನ್ನಾದರೂ ಬಚ್ಚಿಟ್ಟುಕೊಳ್ಳುತ್ತಿದ್ದೆ.