ವಿಮಾನ ಹೋಗಲಿ, ಆಮೇಲೆ ಹಾಡಿ

ಬೋಳುತಲೆಯ ಮೇಲೆ ಒದ್ದೆ ಕರ್ಚೀಫು, ಮೇಲಕ್ಕೆತ್ತಿದ ತೋರುಬೆರಳು, ಸೀಲಿಂಗಿನತ್ತ ಓರೆಯಾದ ಕಿವಿ. ಆ ಬೆರಳು ಕೆಳಗಿಳಿಯುವವರೆಗೆ ಯಾರೂ ಗಿಟಾರ್ ಮುಟ್ಟುವಂತಿರಲಿಲ್ಲ.

ಈಗ ದೊಡ್ಡ ವೇದಿಕೆಗಳಲ್ಲಿ ಕುಣಿಯುವ ಆ ಪಾಪ್-ಪಂಕ್ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ದುಬೈಯ ಯಾವುದೋ ಗ್ಯಾರೇಜಿನಲ್ಲಿ, ಅಪ್ಪ ಅಮ್ಮನ ಮೇಲಿನ ಸಿಟ್ಟಿಗೆ, ಹುಡುಗರು ತಾವೇ ಮಾಡಿದರು ಎಂದು ಅಭಿಮಾನಿಗಳು ಹೇಳುತ್ತಾರೆ. ಒಂದೂ ನಿಜವಲ್ಲ. ಅದು ಗ್ಯಾರೇಜಲ್ಲ, ಏರ್‌ಪೋರ್ಟಿನ ಹತ್ತಿರದ ಮಿರ್ದಿಫ್ ಬಡಾವಣೆಯ ವಿಲ್ಲಾವೊಂದರ ಹಿಂದಿನ ಕೋಣೆ. ಸಿಟ್ಟಲ್ಲ, ಅವಸರ. ತಾವೇ ಮಾಡಿದ್ದಂತೂ ಅಲ್ಲವೇ ಅಲ್ಲ. ಆ ಕೋಣೆಯೂ ಆ ಬೆರಳೂ ಕ್ವಾಯರ್ ಅಂಕಲ್‌ರದು.

ಉಡುಪಿ ಕಡೆಯವರು. ಹೋಟೆಲೊಂದರಲ್ಲಿ ಅಕೌಂಟ್ಸ್ ಕೆಲಸ, ಶುಕ್ರವಾರ ಚರ್ಚಿನಲ್ಲಿ ಕೊಂಕಣಿ ಹಾಡುಗಳ ತಂಡ, ಅಂದರೆ ಕ್ವಾಯರ್, ನಡೆಸುವುದು. ಬ್ಯಾಂಡಿನ ಹಾಡುಗಾರ ರೋಯ್ಸ್ಟನ್ ಅದೇ ಕ್ವಾಯರಿನಲ್ಲಿ ಎಲ್ಲರಿಗಿಂತ ಮುಂದೆ ಓಡಿ ಬೈಸಿಕೊಳ್ಳುತ್ತಿದ್ದವನು. ನಾನು ಪಕ್ಕದ ವಿಲ್ಲಾದ ಧಾರವಾಡದವರ ಮಗಳು, ಶಾಲೆಯ ಡಿಬೇಟ್ ತಂಡದವಳು. ಹಾಡಿನ ಸಾಲುಗಳ ಜೊತೆ ಜಗಳವಾಡುವುದೇ ಬ್ಯಾಂಡಿನಲ್ಲಿ ನನ್ನ ಹುದ್ದೆ.

ಅವಸರ ಏಕೆಂದರೆ ಹನ್ನೆರಡನೇ ಕ್ಲಾಸು ಮುಗಿದಿತ್ತು. ಆಗ ಗಂಡುಮಕ್ಕಳು ಹದಿನೆಂಟು ತುಂಬಿದ ಮೇಲೆ, ಓದುತ್ತಿದ್ದರೆ ಮಾತ್ರ ಅಪ್ಪನ ವೀಸಾದಲ್ಲಿ ದುಬೈಯಲ್ಲಿರಬಹುದಿತ್ತು. ಇಲ್ಲಿಯ ಕಾಲೇಜಿನ ಫೀಸು ಯಾರ ಮನೆಗೂ ಎಟುಕುವಂಥದ್ದಲ್ಲ. ರೋಯ್ಸ್ಟನ್‌ಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿತ್ತು. ಆ ಬೇಸಿಗೆ ಕಳೆದರೆ ಬ್ಯಾಂಡೂ ಇಲ್ಲ, ನಾವೂ ಇಲ್ಲ ಎಂದುಕೊಂಡಿದ್ದೆವು.

ಏಸಿಯ ಗುಂಯ್ ಸದ್ದು ಮೈಕಿಗೆ ಬೀಳುತ್ತದೆಂದು ಪ್ರತಿ ಹಾಡಿಗೂ ಏಸಿ ಆಫ್. ಅದೂ ಮರಳುಗಾಡಿನ ಜುಲೈಯಲ್ಲಿ! ತಲೆಯ ಮೇಲೆ ಏರ್‌ಪೋರ್ಟಿನ ವಿಮಾನಗಳು. ಒಂದು ಹೋಗಿ ಇನ್ನೊಂದು ಬರುವ ನಡುವೆ ಎಷ್ಟು ಜಾಗವೋ ಅಷ್ಟೇ ಹಾಡು.

"ಅಂಕಲ್, ಇನ್ನೊಂದು ವರ್ಸ್ ಇದೆ," ಎಂದು ರೋಯ್ಸ್ಟನ್ ಗೋಗರೆಯುತ್ತಿದ್ದ.

"ಎಂತ ವರ್ಸ್ ಮಾರಾಯ? ನೀನು ಹಾಡಿ ಮುಗಿಸುವಾಗ ಕೊಚ್ಚಿಯದ್ದು ಬಂದು ಇಳ್ದಾಗಿರ್ತದೆ. ಕಟ್ ಮಾಡು. ಯಲ್ಲಾ!" ಅರಬ್ಬಿಯ ಆ 'ಯಲ್ಲಾ', ಅಂದರೆ 'ನಡೀರಿ', ಅಂಕಲ್‌ರ ಪ್ರತಿ ಹಾಡಿನ ಹಸಿರು ನಿಶಾನೆ.

ಹಾಡುಗಳು ಅಷ್ಟು ಗಿಡ್ಡ, ಅಷ್ಟು ವೇಗ ಆದದ್ದು ಹೀಗೆ. ವಿಮರ್ಶಕರು ಅದನ್ನು ಬಂಡಾಯ ಎನ್ನುತ್ತಾರೆ. ಬಂಡಾಯವಲ್ಲ ಸ್ವಾಮಿ, ಏರ್‌ಪೋರ್ಟ್.

ಕೊನೆಯ ಹಾಡು ಮಾತ್ರ ನಿಧಾನದ್ದು, ಊರು ಬಿಟ್ಟು ಹೋಗುವುದರ ಬಗ್ಗೆ. ಕಡೆಯ ಸಾಲಿಗೆ ಸರಿಯಾಗಿ ವಿಮಾನ ಬಂತು. ಅಂಕಲ್ ಬೆರಳು ಎದ್ದಿತು. ರೋಯ್ಸ್ಟನ್ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದ. ಬೆರಳು ಮೆಲ್ಲನೆ ಮಡಚಿಕೊಂಡಿತು. ಸದ್ದು ಪೂರ್ತಿ ದೂರವಾಗುವವರೆಗೆ ಅವರು ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ನಾನು ಸುಮ್ಮನಿರುತ್ತೇನೆಯೇ? "ಇನ್ನೊಮ್ಮೆ ತಗೋರಿ ಅಂಕಲ್. ಎಲ್ಲಾ ಹಾಡಿಗೆ ಒಂದು ರೂಲು, ಇದಕ್ಕೊಂದು ಬ್ಯಾರೆ ರೂಲೇನ್ರಿ?"

ಅವರು ಕರ್ಚೀಫು ಹಿಂಡಿದರು. "ನಿನ್ನ ಪಾಯಿಂಟ್ ಸರಿ ಉಂಟು ಮಾರಾಯ್ತಿ. ಆದ್ರೆ ಇವ ಹೋಗುದು ಎಂತದ್ರಲ್ಲಿ? ಬಸ್ಸಲ್ಲಿಯಾ?" ಎಲ್ಲರೂ ನಕ್ಕರು. ಅವರು ನಗಲಿಲ್ಲ. "ನಾವು ಎಷ್ಟು ವರ್ಷ ಇದ್ರೂ ಇಲ್ಲಿಯವರಾಗುದಿಲ್ಲ. ಆ ವಿಮಾನದ ಸದ್ದೊಂದು ಹಾಡಲ್ಲಿ ಇರ್ಲಿ. ಇಲ್ಲಿ ಹಾಡಿದ್ದು ಅಂತ ಗೊತ್ತಾಗ್ಲಿ."

ನಾನು ಎದ್ದು ಏಸಿ ಆನ್ ಮಾಡಿದೆ.

ಕೆಲ ವರ್ಷಗಳ ಮೇಲೆ ಅಂಕಲ್‌ರ ಕೆಲಸ ಹೋಯಿತು, ವೀಸಾ ಕ್ಯಾನ್ಸಲ್ ಆಯಿತು. ವಿಲ್ಲಾ ಖಾಲಿ ಮಾಡಿ ಊರಿಗೆ ಹೋದವರು ಅಲ್ಲೇ ತೀರಿಕೊಂಡರು. ಅಷ್ಟರಲ್ಲಿ ರೋಯ್ಸ್ಟನ್ ಮಂಗಳೂರಿನಲ್ಲಿ ಬ್ಯಾಂಡನ್ನು ಮತ್ತೆ ಕಟ್ಟಿದ್ದ. ನಾನು ಊರಿನಲ್ಲಿ ಓದು ಮುಗಿಸಿ, ಕೆಲಸ ಹಿಡಿದು, ದುಬೈಗೆ ಮರಳಿ, ನಗರದ ಇನ್ನೊಂದು ತುದಿಯ ಅಲ್ ಬರ್ಷಾದಲ್ಲಿದ್ದೆ. ಒಮ್ಮೊಮ್ಮೆ ಮಿರ್ದಿಫಿಗೆ ಹೋಗಿ ಆ ಗೋಡೆಯ ಹೊರಗೆ ಕಾರು ನಿಲ್ಲಿಸಿ ಆಲ್ಬಮ್ ಹಾಕುತ್ತೇನೆ. ಕಡೆಯ ಹಾಡಿನಲ್ಲಿ ಒಂದು ವಿಮಾನ ಹೋಗುತ್ತದೆ, ತಲೆಯ ಮೇಲೆ ಇನ್ನೊಂದು. ಯಾವುದು ಯಾವಾಗಿನದೆಂದು ಒಂದು ಕ್ಷಣ ತಿಳಿಯುವುದಿಲ್ಲ. ಆ ಕ್ಷಣಕ್ಕಾಗಿಯೇ ಹೋಗುತ್ತೇನೆ.

ಕಳೆದ ತಿಂಗಳು ಬ್ಯಾಂಡು ಆ ಆಲ್ಬಮ್ಮನ್ನು 'ಶುದ್ಧಗೊಳಿಸಿ' ಮತ್ತೆ ಬಿಡುಗಡೆ ಮಾಡಿತು. ಮೆಟ್ರೋದಲ್ಲಿ ಕೇಳಿದೆ. ರೋಯ್ಸ್ಟನ್ ದನಿ ಕನ್ನಡಿಯ ಹಾಗಿದೆ. ಹಳೆಯದರಲ್ಲಿ ಮೊದಲ ಹಾಡಿಗೂ ಮುಂಚೆ ಕೇಳುತ್ತಿದ್ದ ಅಂಕಲ್‌ರ "ಯಲ್ಲಾ" ಇಲ್ಲ. ಕಡೆಯ ಸಾಲಿನ ಹಿಂದೆ ಏನೇನೂ ಇಲ್ಲ.

ಅವನಿಗೆ ವಾಟ್ಸಾಪ್ ಮಾಡಿದೆ. ಉದ್ದದ ವಾದವೇನೂ ಅಲ್ಲ, ಕೇಳಿದ್ದು ಇಷ್ಟೇ: "ವಿಮಾನ ತಗದ್ಯಲ್ಲೋ ರೋಯ್ಸ್ಟನ್, ಮತ್ತ ನೀ ಈ ಊರಿಂದ ಹೋಗಿದ್ದು ಎದರಾಗ?"